ಹೊಟ್ಟೆ ಮೊದಲೋ, ಊಟ ಮೊದಲೋ

ಪುಣೆಯ ಕೋಥ್ರೂಡಿನಲ್ಲಿ ನಮ್ಮ ಎದುರು ಮನೆಯವರು ಧಾರವಾಡದ ಕಡೆಯವರು. ಪಿಂಪ್ರಿಯ ಒಂದು ಪಂಪ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಸೋರುವ ನಲ್ಲಿ ಕಂಡರೆ ಈಗಲೂ ಅವರ ಕೈ ಸುಮ್ಮನಿರುವುದಿಲ್ಲ. ಈ ಮಳೆಗಾಲದಲ್ಲಿ ಅವರ ಹೆಂಡತಿಯ ತಂಗಿಯ ಮಗಳು ಬಂದು ಉಳಿದಿದ್ದಳು. ಕಾರವಾರದ ಕೋಡಿಬಾಗದಲ್ಲಿ ಕಡಲಜೀವಶಾಸ್ತ್ರ ಓದಿದ ಹುಡುಗಿ. ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ಪಶ್ಚಿಮ ವಲಯ ಕೇಂದ್ರ 1959ರಿಂದ ಪುಣೆಯಲ್ಲಿದೆ, ಈಗ ಆಕುರ್ಡಿಯಲ್ಲಿ. ಬಾಟಲಿಯಲ್ಲಿಟ್ಟ ಮಾದರಿಗಳನ್ನು ನೋಡಲು ದಿನಾ ಅಲ್ಲಿಗೆ ಹೋಗಿಬರುತ್ತಿದ್ದಳು. ಒಂದು ಭಾನುವಾರ ಫುಲೆ ಮಂಡಈಯಿಂದ ತಂದ ಮೆಂತ್ಯದ ಸೊಪ್ಪನ್ನು ಇಬ್ಬರೂ ಬಿಡಿಸುತ್ತ ಕೂತಿದ್ದಾಗ ಕಟ್ಟಿನೊಳಗಿಂದ ಚಿಪ್ಪಿಲ್ಲದ ಬಸವನಹುಳು ಒಂದು ಕೆಳಗೆ ಬಿತ್ತು. ನಾನು ಚಹಾಕ್ಕೆ ಹೋದವನು. ಕೇಳಿಸಿಕೊಂಡದ್ದನ್ನು ಇಲ್ಲಿ ಇಡುತ್ತಿದ್ದೇನೆ.

ದೊಡ್ಡಪ್ಪ: ಇಕಾ ನೋಡು. ರೊಕ್ಕಾ ಕೊಟ್ಟು ತಂದವ ನಾನು, ಮೊದಲ ಉಂಡಾಂವ ಇಂವ. ಕಿಡಕಿಯಿಂದ ಒಗೀಲೇನು?

ಹುಡುಗಿ: ಬೇಡ ದೊಡ್ಡಪ್ಪ, ಕುಂಡದಲ್ಲಿ ಬಿಡಿ. ಆ ಎಲೆ ಬೆಳಕಿಗೆ ಹಿಡಿದು ನೋಡಿ. ಹರಿದ ಹಾಗಿಲ್ಲ, ಕೆರೆದ ಹಾಗಿದೆ, ಅಲ್ವಾ? ಅದರ ಬಾಯೊಳಗೆ ಸಾಲುಸಾಲು ಹಲ್ಲಿರೋ ಪಟ್ಟಿ ಇರತ್ತೆ, ರಾಡುಲಾ ಅಂತಾರೆ. ಕಬ್ಬಿಣ ಉಜ್ಜೋ ಅರದ ಥರ.

ದೊಡ್ಡಪ್ಪ: ನಮ್ಮ ಶಾಪಿನ್ಯಾಗ ಅದಕ್ಕ ಮರಾಠಿಯೊಳಗ ಕಾನಸ ಅಂತಿದ್ರು. ಸವದ್ರ ಸ್ಟೋರಿಗೆ ಹೋಗಿ ಹೊಸಾದು ತರಬೇಕಿತ್ತು.

ಹುಡುಗಿ: ಇದಕ್ಕೆ ಸ್ಟೋರು ಒಳಗೇ ಇದೆ. ಹಿಂದಿನಿಂದ ಹೊಸ ಸಾಲು ಬೆಳೀತಾ ಬರತ್ತೆ, ಮುಂದೆ ಸವೆದದ್ದು ಉದುರತ್ತೆ. ನಾನು ನೋಡ್ತಿರೋದು ಇದರ ಕಡಲಿನ ದಾಯಾದಿಗಳನ್ನ. ಒಂದೊಂದರ ಊಟ ಒಂದೊಂದು ಥರ. ಊಟ ಬೇರೆ ಆದ ಹಾಗೆ ಬಾಯಿಂದ ಹಿಡಿದು ಕೊನೇತನಕ ಒಳಗಿನ ಏರ್ಪಾಡೇ ಬೇರೆ. ಹೊಟ್ಟೆ ಬಿಚ್ಚಿ ನೋಡಿದರೆ ಏನು ತಿನ್ನೋ ಪ್ರಾಣಿ ಅಂತ ಹೇಳಬಹುದು.

ದೊಡ್ಡಪ್ಪ: ಹೇಳಬಹುದೋ? ಇಲ್ಲಾ ತಿಂದದ್ದು ಗೊತ್ತಾದ ಮ್ಯಾಲೆ ಹೊಟ್ಟಿ ನೋಡಿ, ಹೌದಲ್ಲಾ, ಎಷ್ಟ ಬರೋಬ್ಬರಿ ಅದ ಅಂತೀರೋ? ನಿಂತ ಮಷೀನು ನೋಡಿ ಕಾರಣ ಹೇಳೂದು ಭಾಳ ಸಸಾರ. ಅದನ್ನ ನಾನೂ ಮಾಡೇನಿ, ಮ್ಯಾನೇಜರ್ ಮುಂದ.

ಹುಡುಗಿ: ಸರಿ, ಮಷೀನು ಅಂತಲೇ ನೋಡಿ. ಮೊದಲು ಕಡಲಮೊಲ. ತಲೆ ಮೇಲೆ ಮೊಲದ ಕಿವಿ ಥರ ಎರಡು ಕೋಡು, ಅದಕ್ಕೆ ಆ ಹೆಸರು. ಪಾಚಿ ತಿನ್ನತ್ತೆ. ಪಾಚಿ ಅಂದರೆ ನಾರು, ಅಂಟು, ಸುಲಭಕ್ಕೆ ಅರಗಲ್ಲ. ರಾಡುಲಾ ಕಿತ್ತು ಒಳಗೆ ಎಳಕೊಳ್ಳತ್ತೆ, ಮೊದಲು ಒಂದು ದೊಡ್ಡ ಚೀಲದಲ್ಲಿ ತುಂಬಿಡತ್ತೆ. ಅದರಾಚೆ ದಪ್ಪ ಸ್ನಾಯುವಿನ ಕೋಣೆ, ಒಳಗೋಡೆ ತುಂಬ ಗಟ್ಟಿ ಹಲ್ಲು. ಅದು ಒರಳು. ಅದರ ಹಿಂದೆ ಇನ್ನೊಂದು ಕೋಣೆ, ಅಲ್ಲಿ ಕೊಕ್ಕೆ ಥರದ ಸಣ್ಣ ಹಲ್ಲು. ಅರೆಯದೆ ಉಳಿದ ದಪ್ಪ ಚೂರು ಅಲ್ಲಿ ತಡೆಯತ್ತೆ.

ದೊಡ್ಡಪ್ಪ: ಅಂದ್ರ ಮೊದಲ ಹಾಪರ್, ಆಮ್ಯಾಲೆ ಕ್ರಷರ್, ಆಮ್ಯಾಲೆ ಜಾಳಿಗಿ. ಛಲೋ ಲೇಔಟ್. ಹೂಂ, ಮುಂದ.

ಹುಡುಗಿ: ಇನ್ನೊಂದು ಗುಂಪು ಸ್ಪಂಜು ತಿನ್ನತ್ತೆ. ಸ್ಪಂಜಿನ ಮೈಯೊಳಗೆ ಗಾಜಿನಂಥ ಸೂಜಿಗಳು, ಮೇಲೆ ವಿಷ ಬೇರೆ. ಗಾಜಿನ ಪುಡಿ ಹಾಕಿದ ಉಪ್ಪಿಟ್ಟು ಅಂದ್ಕೊಳ್ಳಿ. ಇವುಗಳಲ್ಲಿ ಬಹಳಷ್ಟಕ್ಕೆ ಅಗಲವಾದ ರಾಡುಲಾ, ಒಂದೊಂದು ಸಾಲಲ್ಲಿ ಎಷ್ಟೋ ಹಲ್ಲು. ಕೆರೆದು ನುಂಗತ್ತೆ, ಸೂಜಿ ಹಿಂದಿನಿಂದ ಮಲದಲ್ಲಿ ಹೋಗತ್ತೆ. ವಿಷವನ್ನ ಮಾತ್ರ ಬಿಡಲ್ಲ. ಕೆಲವು ಅದನ್ನ ಚರ್ಮದ ಅಂಚಲ್ಲಿ ಚಿಕ್ಕ ಚಿಕ್ಕ ಗಂಟು ಮಾಡಿ ಇಟ್ಕೊಳ್ಳತ್ತೆ. ಕಚ್ಚಿದ ಮೀನು ಉಗಿದು ಓಡತ್ತೆ. ಅದೇ ಗುಂಪಿನ ಫಿಲಿಡಿಯಾಗೆ ಹಲ್ಲೇ ಇಲ್ಲ. ರಸ ಬಿಟ್ಟು ಸ್ಪಂಜನ್ನ ಕರಗಿಸಿ ಹೀರತ್ತೆ.

ದೊಡ್ಡಪ್ಪ: ಹೊರಗ ಕುದಿಸಿ ಒಳಗ ಎಳಕೋತದ. ಅದು ಪಂಪ್. ನಮ್ಮ ಜಾತೀದು.

ಹುಡುಗಿ: ಇನ್ನು ಮೀನಿನ ಮೊಟ್ಟೆ ತಿನ್ನೋ ಕಾಲ್ಮಾ ಅಂತ ಒಂದಿದೆ, ಯುರೋಪಿನ ಕಡಲಲ್ಲಿ. ಮೊಟ್ಟೆಯಲ್ಲಿ ಬಿಸಾಡೋಕೆ ಏನೂ ಇಲ್ಲ, ಪೂರ್ತಿ ಅರಗತ್ತೆ. ಹಾಗಾಗಿ ಕಾಲ್ಮಾಕ್ಕೆ ಗುದದ್ವಾರವೇ ಇಲ್ಲ.

ದೊಡ್ಡಪ್ಪ: ಏನಂದಿ? ಮೋರೀನ ಇಲ್ಲದ ಮನಿ? ಯಾವ ಪಾಲಿಕಿನೂ ನಕ್ಷಾ ಪಾಸ್ ಮಾಡೂದಿಲ್ಲ!

(ಇಲ್ಲಿ ದೊಡ್ಡಪ್ಪ ನಕ್ಕ ರೀತಿಗೆ ಒಳಗಿನಿಂದ ಅವರ ಹೆಂಡತಿ ಬಂದು ನೋಡಿ ಹೋದರು. ಸೊಪ್ಪು ಅರ್ಧ ಕಟ್ಟೂ ಮುಗಿದಿರಲಿಲ್ಲ.)

ಹುಡುಗಿ: ಈಗಲಾದರೂ ಒಪ್ತೀರಾ? ಊಟಕ್ಕೆ ತಕ್ಕ ಹಾಗೆ ಹೊಟ್ಟೆ.

ದೊಡ್ಡಪ್ಪ: ತಡಿ. ಆ ಮೋರಿ ಮಾತು ನೀನ ತಗದಿ. ಉಳಿದ ಹುಳಗಳಿಗೆ ಅದು ಎಲ್ಲಿರತದ?

ಹುಡುಗಿ: ಸ್ಪಂಜು ತಿನ್ನೋವಕ್ಕೆ ಬೆನ್ನ ಮೇಲೆ ಹಿಂಬದಿಯಲ್ಲಿ, ಸುತ್ತ ಕಿವಿರಿನ ಗೊಂಚಲು. ಬೆನ್ನ ತುಂಬ ಎಳೆ ಎಳೆ ಇರೋ ಇನ್ನೊಂದು ಗುಂಪಿದೆ, ಅವಕ್ಕೆ ಬಲ ಪಕ್ಕದಲ್ಲಿ.

ದೊಡ್ಡಪ್ಪ: ಬಲಕ್ಕ ಯಾಕ? ಏನರ ತಿಂದದ್ದರಿಂದೇನು?

ಹುಡುಗಿ: ಇಲ್ಲ. ಅದು ಹಿರಿಯರಿಂದ ಬಂದದ್ದು. ಬಸವನಹುಳುಗಳ ಮೂಲದಲ್ಲಿ ದೇಹ ಒಮ್ಮೆ ತಿರುಚಿಕೊಂಡಿತ್ತು, ಕರುಳು ಮಡಚಿ ಗುದ ತಲೆ ಮೇಲಕ್ಕೆ ಬಂದಿತ್ತು. ಕಡಲಹುಳುಗಳು ಚಿಪ್ಪು ಕಳಕೊಳ್ಳೋ ದಾರಿಯಲ್ಲಿ ಆ ತಿರುಚು ಬಿಚ್ಕೊಂಡಿತು, ಆದರೆ ಎಲ್ಲದರಲ್ಲೂ ಪೂರ್ತಿ ಅಲ್ಲ. ಬಲ ಪಕ್ಕ ಅದರ ಗುರುತು.

ದೊಡ್ಡಪ್ಪ: ಹಾಂ! ಇದನ್ನ ನಾ ಹೇಳೂದು. ಸದಾಶಿವ ಪೇಟದ ಹಳೇ ವಾಡಾದಾಗ ನಳದ ಲೈನು ಯಾಕ ಅಡ್ಡತಿಡ್ಡ ಹೋಗ್ಯಾವ? ಇವತ್ತಿನ ಬಚ್ಚಲಿಗಾಗಿ ಅಲ್ಲ, ಹಿಂದ ಇದ್ದ ಗ್ವಾಡಿ ಸಲುವಾಗಿ. ಗ್ವಾಡಿ ಹೋತು, ಪೈಪು ಉಳೀತು. ನಿನ್ನ ಹುಳದ ಹೊಟ್ಟ್ಯಾಗ ಅರ್ಧ ಊಟದ ಲೆಕ್ಕ ಅದ, ಅರ್ಧ ಮುತ್ಯಾನ ಲೆಕ್ಕ. ನೀವು ಊಟದ್ದಷ್ಟs ಹೇಳ್ತೀರಿ.

ಹುಡುಗಿ: ಮುತ್ಯಾನ ಲೆಕ್ಕವನ್ನ ಬೇರೆ ತೆಗೆಯೋದಕ್ಕೂ ದಾರಿ ಇದೆ. ಸಂಬಂಧವೇ ಇಲ್ಲದ ಕವಲುಗಳಲ್ಲಿ ಒಂದೇ ಬದಲಾವಣೆ ಆಗಿದ್ದರೆ ಅದು ಹಿರಿಯರ ಆಸ್ತಿ ಅಲ್ಲ, ಬದುಕು ಕಲಿಸಿದ್ದು. ಹಲ್ಲಿನ ಪಟ್ಟಿ ಕಳಕೊಂಡಿದ್ದು ಫಿಲಿಡಿಯಾ ಒಂದೇ ಅಲ್ಲ. ಮೆಲಿಬೆ ಅಂತಿದೆ, ಅದರ ಬಾಯಿ ಸುತ್ತ ದೊಡ್ಡ ಮುಸುಕು. ನಮ್ಮೂರ ಕಡೆ ಬೀಸುಬಲೆ ಎಸೆದ ಹಾಗೆ ಎಸೆದು ಸಣ್ಣ ಸೀಗಡಿಗಳನ್ನ ಬಾಚಿ ನುಂಗತ್ತೆ. ಅದಕ್ಕೂ ರಾಡುಲಾ ಇಲ್ಲ. ಆಮೇಲೆ ಮರಳಲ್ಲಿ ತೆವಳೋ, ಗುರಾಣಿ ಥರ ತಲೆ ಇರೋ ಒಂದು ವಂಶ. ನಮ್ಮ ಸರ್ವೇಕ್ಷಣೆಯವರೇ ದೀಘಾ ಮತ್ತು ಒಡಿಶಾದ ತೀರದಲ್ಲಿ ಆ ವಂಶದ ಹೊಸದೊಂದನ್ನ ಹುಡುಕಿ ರಾಷ್ಟ್ರಪತಿಗಳ ಹೆಸರಲ್ಲಿ ಮೆಲನೊಕ್ಲಾಮಿಸ್ ದ್ರೌಪದಿ ಅಂತ ಕರೆದರು. ಒಂದು ಸೆಂಟಿಮೀಟರೂ ಇಲ್ಲ. ಆ ವಂಶದವು ಬೇಟೆಯನ್ನ ಇಡಿಯಾಗಿ ಒಳಗೆಳೀತಾವೆ; ಅಲ್ಲೂ ರಾಡುಲಾ ಕುಗ್ಗಿದೆ ಇಲ್ಲವೇ ಮಾಯ. ಮೂರು ಕವಲು, ಮೂವರೂ ಅರ ಎಸೆದಿದ್ದಾರೆ.

ದೊಡ್ಡಪ್ಪ: ಮೂರು ಕಾರ್ಖಾನಿ ಒಂದಕ್ಕೊಂದು ಗೊತ್ತಿಲ್ಲದ ಒಂದೇ ಪಾರ್ಟು ತಗದು ಹಾಕಿದ್ರ, ಆ ಪಾರ್ಟು ಬ್ಯಾಡಾಗಿತ್ತು ಅಂತ ಅರ್ಥ. ಇದು ಖರೆ. ಒಪ್ಪಿದೆ.

ಹುಡುಗಿ: ಕೆಲಸಕ್ಕೆ ಬಾರದ್ದನ್ನ ಇಟ್ಕೊಂಡು ಸಾಕೋದಿಲ್ಲ, ಅಷ್ಟೇ.

ಇಷ್ಟು ಹೇಳಿ ಆಕೆ ನಿಲ್ಲಿಸಬಹುದಿತ್ತು. ಆದರೆ ವಿಷಯ ಗೊತ್ತಿದ್ದವರಿಗೆ ನಿಲ್ಲಿಸುವುದು ಕಷ್ಟ. ತನ್ನ ಬಾಟಲಿಗಳಲ್ಲಿ ತನಗೆ ಅತಿ ಪ್ರಿಯವಾದ ಗುಂಪಿನ ಮಾತು ತೆಗೆದಳು: ಸಾಕೊಗ್ಲಾಸಾ, ಅಂದರೆ ಚೀಲನಾಲಗೆಯವು.

ಹುಡುಗಿ: ಇವು ಪಾಚಿಯನ್ನ ಅರೆಯೋದೂ ಇಲ್ಲ, ಕೆರೆಯೋದೂ ಇಲ್ಲ. ಪಾಚಿಯ ಕೋಶಕ್ಕೆ ಒಂದು ತೂತು ಕೊರೆದು ರಸ ಹೀರತ್ತೆ. ಅದಕ್ಕೆ ರಾಡುಲಾದಲ್ಲಿ ಸಾಲಿಗೆ ಒಂದೇ ಹಲ್ಲು, ಚೂರಿ ಥರದ್ದು. ಸವೆದ ಹಲ್ಲು ಮಾತ್ರ ಎಸೆಯಲ್ಲ. ಕೆಳಗೊಂದು ಚೀಲ ಇದೆ, ಹಳೇ ಹಲ್ಲೆಲ್ಲ ಅದರಲ್ಲಿ ಕೂಡಿಡತ್ತೆ. ಹೆಸರು ಬಂದದ್ದೇ ಆ ಚೀಲದಿಂದ.

ದೊಡ್ಡಪ್ಪ: ಈಗರ ಏನಂದಿ? ಕೆಲಸಕ್ಕ ಬಾರದ್ದು ಇಟಗೊಂಡು ಸಾಕೂದಿಲ್ಲ ಅಂದೆಲ್ಲ? ಸವದ ಹಲ್ಲು ಯಾತಕ್ಕ ಕೂಡಿಟ್ಟದ? ನಿಮ್ಮ ದೊಡ್ಡಮ್ಮ ಹಳೇ ಡಬ್ಬಿ ಕೂಡಿಟ್ಟಂಗs?

ಹುಡುಗಿ: (ನಕ್ಕು) ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ದೊಡ್ಡಪ್ಪ: ಇಲ್ಲಂದಿ, ಅದಕ್ಕ ನಿನ್ನ ಮ್ಯಾಲೆ ನಂಬಿಗಿ ಬಂತು. ಇನ್ನೊಂದು ಕೇಳ್ತೀನಿ. ಈ ಹೀರೋ ಪೈಕಿ ಎಲ್ಲಾನೂ ಪಾಚೀನ ಹೀರತಾವೇನು?

ಹುಡುಗಿ: ಬಹುಪಾಲು. ಒಂದೆರಡು ಮಾತ್ರ ದಾರಿ ಬಿಟ್ಟಿವೆ. ಓಲಿಯಾ ಅಂತ ಒಂದಿದೆ, ಅದು ಬೇರೆ ಕಡಲಹುಳುಗಳ ಮೊಟ್ಟೆ ಹೀರತ್ತೆ.

ದೊಡ್ಡಪ್ಪ: ಅದೇ ಒಂಟಿ ಹಲ್ಲಿನಿಂದ?

ಹುಡುಗಿ: ಅದೇ ವಂಶದ ಉಪಕರಣದಿಂದ.

ದೊಡ್ಡಪ್ಪ: ಹಂಗಾದ್ರ ಇಲ್ಲಿ ಊಟ ಹೊಟ್ಟೀನ ಮಾಡಲಿಲ್ಲ. ಕೈಯಾಗ ಚೂರಿ ಮೊದಲ ಇತ್ತು, ಚೂರಿಗೆ ಸಿಗೂ ಊಟ ಆಮ್ಯಾಲೆ ಹುಡಿಕ್ಯಾರ. ಪಾಚಿ ಕೋಶ ಅಂದ್ರೂ ತೆಳ್ಳನ ಗ್ವಾಡಿ, ಒಳಗ ರಸ. ಮೊಟ್ಟಿ ಅಂದ್ರೂ ಅಷ್ಟs. ನಮ್ಮಲ್ಲಿ ನೀರಿನ ಪಂಪು ಮಾಡೂವರಿಗೆ ಸಕ್ಕರಿ ಕಾರ್ಖಾನಿ ಆರ್ಡರ್ ಬಂದಾಗ ಹೊಸಾ ಡಿಸೈನ್ ಮಾಡಿದ್ವೇನು? ಇದ್ದ ಪಂಪಿಗೇ ಸೀಲು ಬದಲಿ ಮಾಡಿ ರಸಾ ಎತ್ತಿದ್ವಿ.

ಹುಡುಗಿ: ಒಪ್ತೀನಿ, ಆ ಮಟ್ಟಿಗೆ. ಆದರೆ ಆ ಚೂರಿ ಮೊದಲ ಸಲ ಬಂದದ್ದು ಪಾಚಿಯಿಂದಲೇ ಅಲ್ವಾ?

ದೊಡ್ಡಪ್ಪ: ಮೊದಲ ಸಲದ್ದು ನೀನೂ ನೋಡಿಲ್ಲ, ನಾನೂ ನೋಡಿಲ್ಲ.

ನನಗನಿಸಿದ್ದು ಹೇಳುವುದಾದರೆ, ಈ ಸುತ್ತಿನಲ್ಲಿ ಮುದುಕರ ಕೈ ಮೇಲಾಗಿತ್ತು. ಆದರೆ ಆಕೆ ಸುಮ್ಮನಾಗುವವಳಲ್ಲ. ಹಸಿರು ಎಲೆಯಂಥ ಎಲೀಸಿಯಾದ ಚಿತ್ರ ಮೊಬೈಲಿನಲ್ಲಿ ತೆಗೆದು ಮುಂದೆ ಹಿಡಿದಳು.

ಹುಡುಗಿ: ಇದೂ ಚೀಲನಾಲಗೆಯದೇ. ರಸದ ಜೊತೆ ಪತ್ರಹರಿತ್ತಿನ ಕಣಗಳೂ ಒಳಗೆ ಬರ್ತಾವಲ್ಲ, ಅವನ್ನ ಅರಗಿಸಲ್ಲ. ಇದರ ಜೀರ್ಣಗ್ರಂಥಿ ಒಂದೇ ಕಡೆ ಮುದ್ದೆಯಾಗಿಲ್ಲ, ನಾಳ ನಾಳವಾಗಿ ಕವಲೊಡೆದು ಮೈಯ ಎರಡೂ ರೆಕ್ಕೆಗೆ ಹಬ್ಬಿದೆ, ಎಲೆಯ ನರದ ಹಾಗೆ. ಕಣಗಳು ಆ ನಾಳದ ಗೋಡೆಯ ಕೋಶಗಳಲ್ಲಿ ಉಳೀತಾವೆ. ಜಪಾನಿನ ವಿಜ್ಞಾನಿಗಳು ಇದನ್ನ 1965ರಲ್ಲೇ ಕಂಡಿದ್ದರು. ಅಮೆರಿಕದ ಪೂರ್ವ ತೀರದ ಎಲೀಸಿಯಾ ಕ್ಲೋರೋಟಿಕಾ ತಿಂಗಳುಗಟ್ಟಲೆ ಊಟ ಇಲ್ಲದೆ ಬೆಳಕಲ್ಲಿ ಬದುಕತ್ತೆ. ಹೊಟ್ಟೆ ಇಲ್ಲಿ ಹೊಲ ಆಗಿದೆ, ದೊಡ್ಡಪ್ಪ!

ದೊಡ್ಡಪ್ಪ: ಬೆಳಕು ಉಂಡು ಬದುಕ್ತದ ಅಂತಿ. ಕತ್ತಲಿಯೊಳಗ ಇಟ್ಟು ನೋಡಿದ್ರೇನು?

ಹುಡುಗಿ: ...ನೋಡಿದ್ದಾರೆ.

ದೊಡ್ಡಪ್ಪ: ಏನಾತು?

ಹುಡುಗಿ: 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇದರ ಸಮೀಪದ ಪ್ಲಾಕೊಬ್ರಾಂಕಸ್ ಕತ್ತಲಲ್ಲೂ ತಿಂಗಳುಗಟ್ಟಲೆ ಬದುಕಿತು. ಬೆಳಕಲ್ಲಿದ್ದದ್ದೂ ಸೊರಗಿತು, ಕತ್ತಲಲ್ಲಿದ್ದದ್ದೂ ಸೊರಗಿತು, ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ದೊಡ್ಡಪ್ಪ: ಹಂಗಾದ್ರ ಹೊಲ ಅಲ್ಲವಾ, ಹಗೇವು. ಜೋಳಾ ಹಗೇವಿನ್ಯಾಗ ತುಂಬಿ ಬರಗಾಲದಾಗ ತಗದು ಉಂಡಂಗ.

ಹುಡುಗಿ: ಅಷ್ಟು ಬೇಗ ತೀರ್ಪು ಬೇಡ. 2021ರಲ್ಲಿ ಎಲೀಸಿಯಾದ ಇನ್ನೊಂದು ಜಾತಿಯಲ್ಲಿ, ಆ ಕಣಗಳು ಬೆಳಕಲ್ಲಿ ಮಾಡಿದ ಆಹಾರ ಮೊಟ್ಟೆ ಇಡೋದಕ್ಕೆ ಒದಗತ್ತೆ ಅಂತ ತೋರಿಸಿದರು. ಒಂದರಲ್ಲಿ ಹಗೇವು, ಒಂದರಲ್ಲಿ ಹೊಲ. ಒಂದೇ ಪ್ರಾಣಿಯಲ್ಲಿ ಎರಡೂ ಇರಬಹುದು. ನಿಮ್ಮ ಪ್ರಶ್ನೆ ಸರಿ, ಆದರೆ ಪ್ರಶ್ನೆ ಸರಿ ಇದ್ದ ಮಾತ್ರಕ್ಕೆ ಉತ್ತರ ನಿಮ್ಮದಾಗಲ್ಲ.

ದೊಡ್ಡಪ್ಪ: ಬಿರುಸು ಮಾತು. ನಿಮ್ಮವ್ವನ ಹಂಗs.

ಚಹಾ ಎರಡನೆಯ ಸಲ ಬಂತು. ನಮ್ಮ ದೇಶದ ಈ ಹುಳುಗಳನ್ನು ಯಾರು ಮೊದಲು ನೋಡಿ ಬರೆದರು ಎಂದು ನಾನು ಕೇಳಿದೆ. ಕೇಳಿದ್ದು ಬರೀ ಮಾತಿಗೆ. ಬಂದ ಉತ್ತರಕ್ಕೆ ದೊಡ್ಡಪ್ಪ ಕುರ್ಚಿಯಿಂದ ಅರ್ಧ ಎದ್ದರು.

ಹುಡುಗಿ: ಮೊದಲ ದೊಡ್ಡ ಬರಹಗಳಲ್ಲಿ ಒಂದು 1864ರದ್ದು. ಇಂಗ್ಲೆಂಡಿನ ಆಲ್ಡರ್, ಹ್ಯಾನ್ಕಾಕ್ ಅನ್ನೋ ಇಬ್ಬರು ಬರೆದದ್ದು. ಹುಳುಗಳನ್ನ ಕೂಡಿಸಿದ್ದು ವಾಲ್ಟರ್ ಎಲಿಯಟ್ ಅಂತ ಕಂಪನಿಯ ಅಧಿಕಾರಿ, ವಾಲ್ಟೇರಿನಲ್ಲಿ. ಈಗಿನ ವಿಶಾಖಪಟ್ಟಣ.

ದೊಡ್ಡಪ್ಪ: ಯಾವ ಎಲಿಯಟ್? ನಮ್ಮ ಧಾರವಾಡದ ಎಲಿಯಟ್ಟೇನು?

ಹುಡುಗಿ: ಧಾರವಾಡ ಯಾಕೆ?

ದೊಡ್ಡಪ್ಪ: 1824ರ ಅಕ್ಟೋಬರ್ 23ಕ್ಕ ಕಿತ್ತೂರಾಗ ಥ್ಯಾಕರೆ ಬಿದ್ದ. ಅವತ್ತ ಚೆನ್ನಮ್ಮನ ಮಂದಿ ಇಬ್ಬರು ಸಾಹೇಬರನ್ನ ಸೆರೆ ಹಿಡಿದ್ರು. ಒಬ್ಬ ಸ್ಟೀವನ್ಸನ್, ಇನ್ನೊಬ್ಬ ಎಲಿಯಟ್. ಬಿಡುಗಡಿ ಆದ ಮ್ಯಾಲೂ ಅಂವ ನಮ್ಮ ಸೀಮಿಯೊಳಗ ಉಳದ. ಊರೂರು ತಿರಗಿ ಕನ್ನಡ ಶಾಸನ ನಕಲು ಮಾಡಿಸಿ ಸಂಪುಟ ಕಟ್ಟಿಸಿದ. ಚಾಲುಕ್ಯರ ಇತಿಹಾಸ ಬರೆಯೂವರು ಅವನ್ನ ಬಿಟ್ಟು ಬರೆಯೂ ಹಂಗಿಲ್ಲ.

ಆಕೆ ಮೊಬೈಲಿನಲ್ಲಿ ಹುಡುಕಿದಳು. ಒಬ್ಬನೇ. ಕಿತ್ತೂರಿನಲ್ಲಿ ಸೆರೆಯಾದಾಗ ಇಪ್ಪತ್ತೊಂದರ ಹುಡುಗ. 1839ರಲ್ಲಿ ಧಾರವಾಡ ಸೀಮೆಯ ಸಸ್ತನಿಗಳ ಪಟ್ಟಿ ಪ್ರಕಟಿಸಿದವನು. ಆಮೇಲೆ ಪೂರ್ವ ತೀರಕ್ಕೆ ವರ್ಗವಾಗಿ ಅಮರಾವತಿಯ ಶಿಲ್ಪಗಳನ್ನು ಅಗೆಸಿದವನು. ಬಿಡುವಿನಲ್ಲಿ ಕಡಲಹುಳು ಹೆಕ್ಕಿದವನು. ಇವರು ಶಾಸನದ ಕಡೆಯಿಂದ, ಆಕೆ ಹುಳುವಿನ ಕಡೆಯಿಂದ ಬಂದು ಒಬ್ಬನೇ ಮನುಷ್ಯನಿಗೆ ಢಿಕ್ಕಿ ಹೊಡೆದಿದ್ದರು. ಸ್ವಲ್ಪ ಹೊತ್ತು ಹುಳುವಿನ ಹೊಟ್ಟೆ ಮರೆತೇ ಹೋಯಿತು.

ಹುಡುಗಿ: ಅವನು ಕಳಿಸಿದ್ದರಲ್ಲಿ ಒಂದಕ್ಕೆ ಕಳಿಂಗಾ ಅಂತಲೇ ಹೆಸರಿಟ್ಟರು. ಕಳಿಂಗಾ ಒರ್ನಾಟಾ. ಅದರ ಊಟ ವಿಚಿತ್ರ. ನಕ್ಷತ್ರಮೀನಿಗೆ ಹಾವಿನ ಬಾಲದಂಥ ಕೈಗಳ ಸಣಕಲು ದಾಯಾದಿ ಇದೆಯಲ್ಲ, ಅದನ್ನ ತಿನ್ನತ್ತೆ.

ದೊಡ್ಡಪ್ಪ: ಮೈತುಂಬ ಸುಣ್ಣದ ತಟ್ಟಿ ಇರೂದು! ಅದು ಹೆಂಗ ಅರಗತದ?

ಹುಡುಗಿ: ಅದನ್ನೇ ನೋಡ್ಬೇಕು ನಾನು. ಈಗ ಬೆನ್ನಲ್ಲಿ ಎಳೆ ಇರೋ ಆ ಗುಂಪಿನ ಮಾತು ಹೇಳಿ ಮುಗಿಸ್ತೀನಿ. ಅವು ತಿನ್ನೋದು ಕುಟುಕೋ ಜೀವಿಗಳನ್ನ, ಅನಿಮೋನ್, ಹೈಡ್ರಾಯ್ಡ್. ಮುಟ್ಟಿದರೆ ಸಾವಿರಾರು ವಿಷದ ಬಾಣ ಸಿಡಿಯತ್ತೆ. ಇವು ಲೋಳೆ ಹಚ್ಕೊಂಡು ಹೋಗ್ತಾವೆ, ಮೈಚರ್ಮದ ಕೋಶಗಳಲ್ಲಿ ಕೈಟಿನ್ನಿನ ಚಿಕ್ಕ ಕದಿರುಗಳಿದ್ದು ಬಾಣ ತಡೀತಾವೆ. ತಿಂದಮೇಲೆ ಸಿಡಿಯದೆ ಉಳಿದ ಬಾಣಗಳು ಅರಗದೆ ಮುಂದೆ ಸಾಗ್ತಾವೆ. ಜೀರ್ಣಗ್ರಂಥಿಯ ಒಂದೊಂದು ಕವಲು ಬೆನ್ನಿನ ಒಂದೊಂದು ಎಳೆಯೊಳಗೆ ಹೋಗತ್ತೆ, ಆ ಎಳೆಯ ತುದಿಯಲ್ಲಿ ಒಂದು ಚೀಲ, ಬಾಣಗಳೆಲ್ಲ ಅಲ್ಲಿ ಜಮಾ. ಮೀನು ಕಚ್ಚಿದರೆ ಅದರ ಬಾಯಿಗೆ ಹೊಡೆಯತ್ತೆ.

ದೊಡ್ಡಪ್ಪ: ಜೀರ್ಣಾಂಗದ ತುದಿಗೆ ಮದ್ದಿನ ಮನಿ! ಇದಕ್ಕ ನನ್ನ ಕಡೆ ಉತ್ತರ ಇಲ್ಲ. ಹಳೇ ಪೈಪಿನ ಕಥಿ ಇಲ್ಲಿ ನಡಿಯೂದಿಲ್ಲ.

ಹುಡುಗಿ: ಕಡಲಮೊಲವೂ ಹಾಗೇ. ಅದು ಉಗುಳೋ ನೇರಳೆ ಶಾಯಿಯ ಬಣ್ಣ ಕೆಂಪು ಪಾಚಿಯಿಂದ ಬಂದದ್ದು. ಬರೀ ಹಸಿರು ಪಾಚಿ ಹಾಕಿ ಸಾಕಿದರೆ ಶಾಯಿ ಖಾಲಿ.

ದೊಡ್ಡಪ್ಪ: ನೀಲಿ ಬಣ್ಣದ್ದು ಒಂದು ಇರತದಲ್ಲ, ಟಿವಿಯೊಳಗ ತೋರಿಸ್ತಾರ, ಮುಂಬಯಿ ಚೌಪಾಟಿ ಬಾಜೂ...

ಹುಡುಗಿ: ಮಳೆಗಾಲದಲ್ಲಿ ಜುಹು ಕಡೆ ಬರೋದು ಬ್ಲೂ ಬಾಟಲ್, ಅದು ಹುಳು ಅಲ್ಲ. ಅದನ್ನ ತಿನ್ನೋ ಹುಳು ಗ್ಲಾಕಸ್. ಗಾಳಿ ನುಂಗಿ, ಹೊಟ್ಟೆಯನ್ನೇ ತೆಪ್ಪ ಮಾಡ್ಕೊಂಡು ಕಡಲ ಮೇಲೆ ಅಂಗಾತ ತೇಲತ್ತೆ. ಬ್ಲೂ ಬಾಟಲಿನ ಬಾಣಗಳನ್ನ ಕೂಡಿಟ್ಟಿರತ್ತೆ. ಅಂಗೈಯಲ್ಲಿಟ್ಟು ಫೋಟೋ ತೆಗೆಯೋರಿಗೆ ಅದು ಗೊತ್ತಿರಲ್ಲ.

ದೊಡ್ಡಪ್ಪ: ಊಟಕ್ಕ ತಕ್ಕ ಹೊಟ್ಟಿ ಅಂದಿ. ನಾ ಅಂತೀನಿ, ಹೊಟ್ಟಿಗೆ ತಕ್ಕ ಊಟಾನೂ ಅದ. ಓಲಿಯಾದ ಲೆಕ್ಕ ನೀ ಇನ್ನೂ ಕೊಟ್ಟಿಲ್ಲ.

ಹುಡುಗಿ: ಬಾಣದ ಚೀಲದ ಲೆಕ್ಕ ನೀವೂ ಕೊಟ್ಟಿಲ್ಲ.

ಮೆಂತ್ಯದ ಪಲ್ಯ ಆ ದಿನ ಆಗಲೇ ಇಲ್ಲ. ಪಿಠಲೆ-ಭಾಕರಿಯಲ್ಲಿ ಊಟ ಮುಗಿಯಿತು. ನವರಾತ್ರಿ ಕಳೆದ ಮೇಲೆ ಅಮಾವಾಸ್ಯೆಯ ಇಳಿತ ನೋಡಿಕೊಂಡು ಮೂವರೂ ಕಾರವಾರಕ್ಕೆ ಹೋಗುವುದೆಂದು ಮಾತಾಗಿದೆ. ಬಂಡೆಯ ಹೊಂಡಗಳಲ್ಲಿ ಕಡಲಹುಳು ಕಾಣಲು ಅದೇ ಒಳ್ಳೆಯ ಹೊತ್ತಂತೆ. ಇದನ್ನು ಓದಿ ನೀವೂ ತೀರಕ್ಕೆ ಹೋಗುವವರಾದರೆ ಆ ಹುಡುಗಿ ಹೇಳಿಕಳಿಸಿದ ಮಾತು ಎರಡೇ: ನೀಲಿಯದು ಏನು ಕಂಡರೂ ಬರಿಗೈಯಲ್ಲಿ ಮುಟ್ಟಬೇಡಿ, ನೋಡಲೆಂದು ಎತ್ತಿದ ಕಲ್ಲನ್ನು ಇದ್ದ ಜಾಗದಲ್ಲೇ, ಇದ್ದ ಮಗ್ಗುಲಲ್ಲೇ ಇಟ್ಟು ಬನ್ನಿ. ಅದರ ಅಡಿಯಲ್ಲಿ ಅಂಟಿರುವ ಸ್ಪಂಜು ಯಾವುದೋ ಹುಳುವಿನ ಊಟ.